ಚೌರಪ್ಪನ ಪಾಪಕ್ಕೆ ಊರು ಬೆನ್ನು ತಿರುಗಿಸಿದ್ದು

ಬೆಂಚುಗಳು ಇನ್ನೂ ಚರ್ಚಿನ ಬಾಗಿಲು ದಾಟಿರದ ಕಾಲ. ದೇವರ ಮುಂದೆ ರಾಜನೂ ಬಡವನೂ ನೆಲದ ಮೇಲೆಯೇ ಕೂರಬೇಕಿತ್ತು. ರಾಜ ಬರುತ್ತಿರಲಿಲ್ಲ, ಅದು ಬೇರೆ ಮಾತು. ಆ ಕಾಲದಲ್ಲಿ ಹೊಳೆ ತಿರುಗುವ ಕಡೆ ಹಿಪ್ಪೆಪಾಳ್ಯ ಅಂತ ಒಂದೂರು. ಒಂದು ಭಾನುವಾರ ಆ ಊರಿನ ಚರ್ಚಿನಲ್ಲಿ ಗಂಭೀರವಾದ ಸಂಗತಿಯೊಂದು ಬೆಳಕಿಗೆ ಬಂತು. ಮುಂದಿನ ಚಾಪೆ ಒಂದು ಮೊಳ ಸಾಲದಾಗಿತ್ತು.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಿಪ್ಪೆಪಾಳ್ಯದಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿತ್ತು. ಬಲಗಡೆ ಗಂಡಸರು, ಎಡಗಡೆ ಹೆಂಗಸರು, ಪೀಠದ ಎದುರಿಗೆ ಹಾಸಿದ ಚಾಪೆಯ ಮೇಲೆ ಪೂಜೆಯಲ್ಲಿ ಗುರುಗಳು ಕೊಡುವ ರೊಟ್ಟಿ, ಅಂದರೆ ಪರಮಪ್ರಸಾದ, ಇನ್ನೂ ಒಮ್ಮೆಯೂ ಪಡೆಯದ ಮಕ್ಕಳು. ಆ ಭಾನುವಾರ ಒಂದು ಮಗುವಿನ ಮೊಣಕಾಲು ಚಾಪೆಯಿಂದಾಚೆ ಬರೀ ಕಲ್ಲಿನ ಮೇಲೆ ಬಿತ್ತು. ಅದರ ಅಜ್ಜಿ ಪೂಜೆ ಮುಗಿಯುವವರೆಗೂ ತಡೆದುಕೊಂಡಳು, ಆಮೇಲೆ ತಡೆದುಕೊಳ್ಳಲಿಲ್ಲ. ಹಿರಿಯರು ಹಿಪ್ಪೆಮರದ ಕೆಳಗೆ ಸೇರಿದರು. ವಿಚಾರಣೆ ನಡೆಯಿತು. ಮಕ್ಕಳು ಹೆಚ್ಚಾಗಿರಲಿಲ್ಲ, ಚಾಪೆ ಸವೆದಿರಲಿಲ್ಲ. ಚಾಪೆಯ ಬಲತುದಿಯಲ್ಲಿ ನಲವತ್ತು ದಾಟಿದ, ದಪ್ಪ ಮೀಸೆಯ, ಅಗಲ ಭುಜದ ಒಬ್ಬ ಗಂಡಸು ಮೂರು ಮಕ್ಕಳ ಜಾಗ ಹಿಡಿದು ಕೂರುತ್ತಿದ್ದ. ಅವನ ಹೆಸರು ಚೌರಪ್ಪ. ನಾನು ಹೇಳುವುದು ಅವನ ಕಥೆ.

ಚೌರಪ್ಪ ಹುಟ್ಟು ಕಿವುಡ, ಆದ್ದರಿಂದ ಮೂಗ. ಅದು ಗೊತ್ತಾಗುವ ಮೊದಲೇ ಜ್ಞಾನಸ್ನಾನ ಆಗಿಹೋಗಿತ್ತು. ಸಮುದ್ರಗಳನ್ನು ದಾಟಿ, ಗಂಟಲು ಒಣಗುವವರೆಗೂ ಬೋಧನೆ ಮಾಡಿದ ಸಂತನ ಹೆಸರನ್ನು ಮಗುವಿಗೆ ಇಟ್ಟಿದ್ದರು. ಒಮ್ಮೆ ತಲೆಯ ಮೇಲೆ ನೀರು ಬಿದ್ದ ಮೇಲೆ ಹೆಸರು ವಾಪಸು ತೆಗೆದುಕೊಳ್ಳುವ ಪದ್ಧತಿ ಇಲ್ಲ. ಹಾಗಾಗಿ ಬೋಧಕನ ಹೆಸರು ಮೂಗನಿಗೇ ಉಳಿಯಿತು.

ಮಾತಿಲ್ಲ ಅಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಅವನು ಕೈಯಲ್ಲಿ ಮಾತಾಡುತ್ತಿದ್ದ. ಚಿಕ್ಕಂದಿನಿಂದ ಅವನ ಜೊತೆ ಆಡಿದವರೆಲ್ಲ ಆ ಮಾತು ಕಲಿತಿದ್ದರು, ಅವರಿಂದ ಅವರ ಮಕ್ಕಳು ಕಲಿತಿದ್ದರು. ಹೊಳೆಯ ಈ ದಡದಿಂದ ಆ ದಡಕ್ಕೆ ಕೂಗಿದರೂ ಕೇಳಿಸದ ಮಾತನ್ನು ಹಿಪ್ಪೆಪಾಳ್ಯದವರು ಕೈಯೆತ್ತಿ ಹೇಳಿ ಮುಗಿಸುತ್ತಿದ್ದರು ಅಂತಾರೆ. ಪಕ್ಕದೂರಿನವರು ಇದನ್ನು ಮಾಟ ಅಂದುಕೊಂಡಿದ್ದರು ಅಂತಲೂ ಅಂತಾರೆ.

ಅವನ ಕಸುಬು ಚಂದ್ರಿಕೆ ಹೆಣೆಯುವುದು. ಬಿದಿರಿನ ತಟ್ಟಿಯ ಮೇಲೆ ಸುರುಳಿ ಸುರುಳಿಯಾಗಿ ಸೀಳು ನಿಲ್ಲಿಸಿ ಕಟ್ಟಿದರೆ ಅದು ಚಂದ್ರಿಕೆ. ಹಣ್ಣಾದ ರೇಷ್ಮೆಹುಳುವನ್ನು ಅದರ ಮೇಲೆ ಬಿಟ್ಟರೆ ಅಲ್ಲೇ ಗೂಡು ಕಟ್ಟುತ್ತದೆ. ಚೌರಪ್ಪನ ಚಂದ್ರಿಕೆ ಕಂಡರೆ ಹುಳುಗಳು ತಾವೇ ತಟ್ಟೆಯಿಂದಿಳಿದು, ಮನೆ ದಾಟಿ, ಏರಿ ಕೂರುತ್ತಿದ್ದವು ಅಂತಾರೆ. ಹಾಗೆ ಹೇಳುವವರು ರೇಷ್ಮೆ ಸಾಕಿದವರಲ್ಲ.

ಇಂಥವನು ಮಕ್ಕಳ ಚಾಪೆಯ ಮೇಲೆ ಯಾಕೆ ಕೂತಿದ್ದ? ಅದಕ್ಕೆ ಕಾರಣ ಉಪದೇಶಿ ಅರುಳಪ್ಪ. ಉಪದೇಶಿ ಅಂದರೆ ಊರಿನ ಮಕ್ಕಳಿಗೆ ಜಪಗಳನ್ನು ಕಲಿಸುವವನು. ಪರಲೋಕ ಜಪ, ನಮೋ ಮರಿಯ, ವಿಶ್ವಾಸಸಂಗ್ರಹ, ಹತ್ತು ಕಟ್ಟಳೆಗಳು ಇವಿಷ್ಟನ್ನೂ ಬಾಯಿಪಾಠ ಒಪ್ಪಿಸಿದ ಮಗುವಿಗೆ, ಯೇಸುಸ್ವಾಮಿ ಸಾವಿನಿಂದ ಎದ್ದ ಪಾಸ್ಕ ಹಬ್ಬದ ದಿನ, ಮೊದಲ ಪರಮಪ್ರಸಾದ. ಆಮೇಲೆ ಅದು ಚಾಪೆಯಿಂದೆದ್ದು ದೊಡ್ಡವರ ಸಾಲಿಗೆ ಸೇರುತ್ತದೆ. ಅರುಳಪ್ಪ ಕೆಟ್ಟವನಲ್ಲ. ಬಾಯಿಪಾಠ ಅಂದರೆ ಬಾಯಿಯಿಂದಲೇ ಬರಬೇಕು ಅನ್ನುವುದಷ್ಟೇ ಅವನ ವಾದ. ಚೌರಪ್ಪನಿಗೂ ಅವನು ಅನ್ಯಾಯ ಮಾಡಲಿಲ್ಲ. ಎಲ್ಲರಂತೆ ಅವನನ್ನೂ ಎದುರಿಗೆ ನಿಲ್ಲಿಸಿ, ಶುರುಮಾಡು ಅಂತ ಹೇಳಿ, ಬಹಳ ಹೊತ್ತು ಕಾದ. ಪ್ರತಿ ವರ್ಷ ಕಾದ. ಚೌರಪ್ಪನ ಪಕ್ಕ ಕೂತಿದ್ದ ಮಕ್ಕಳು ಎದ್ದುಹೋದರು, ಮದುವೆಯಾದರು, ತಮ್ಮ ಮಕ್ಕಳನ್ನು ತಂದು ಅವನ ಪಕ್ಕ ಕೂರಿಸಿದರು. ಅವನು ಎಲ್ಲರಿಗೂ ಜಾಗ ಬಿಟ್ಟುಕೊಟ್ಟ.

ಹಿಪ್ಪೆಮರದ ಕೆಳಗಿನ ಸಭೆಯಲ್ಲಿ ಅವನನ್ನು ಗಂಡಸರ ಸಾಲಿಗೆ ಕಳಿಸೋಣ ಅಂದರು ಕೆಲವರು. ಪ್ರಸಾದ ಪಡೆಯದವನು ಅಲ್ಲಿ ಕೂರುವಂತಿಲ್ಲ ಅಂದ ಅರುಳಪ್ಪ. ಚಾಪೆ ಉದ್ದ ಮಾಡೋಣ ಅಂದರು. ಅಜ್ಜಂದಿರ ಚಾಪೆಗೆ ಕೈಹಾಕುವುದೇ ಅಂದರು. ಕೊನೆಗೆ ಹೆಂಗಸರು ದಾರಿ ತೋರಿಸಿದರು. ಅವನು ದೇವದೂತನಲ್ಲವೇ, ಪಾಪ ಪುಣ್ಯ ಗೊತ್ತಿಲ್ಲದ ಮಗು, ಅವನನ್ನು ಸಂತ ಅಂತೋಣಿಯಾರ್ ಪ್ರತಿಮೆಯ ಪಕ್ಕ ನಿಲ್ಲಿಸಿದರಾಯಿತು ಅಂದರು. ಎಲ್ಲರೂ ಒಪ್ಪಿದರು. ಮುಂದಿನ ಭಾನುವಾರ ಚೌರಪ್ಪ ಪ್ರತಿಮೆಯ ಪಕ್ಕ ನಿಂತ. ಯಾರೋ ಅವನ ಕಾಲ ಬಳಿ ಒಂದು ಮೊಂಬತ್ತಿ ಹಚ್ಚಿಟ್ಟರು. ಅವನು ಬಗ್ಗಿ ಅದನ್ನು ಊದಿ, ಆರಿಸಿ, ಜೇಬಿಗೆ ಹಾಕಿಕೊಂಡು ಚಾಪೆಗೆ ವಾಪಸು ಬಂದು ಕೂತ.

ಊರು ಅವನನ್ನು ದೇವದೂತ ಅಂತ ನಂಬಿತ್ತು. ಹಾಗಲ್ಲ ಅಂತ ಗೊತ್ತಿದ್ದವನು ಅವನೊಬ್ಬನೇ. ಯಾಕೆ ಗೊತ್ತಿತ್ತು ಅಂದರೆ, ಈ ಚಾಪೆ ಗಲಾಟೆಗೆ ಒಂದು ವರ್ಷ ಮೊದಲು ಅವನೊಂದು ಪಾಪ ಮಾಡಿದ್ದ.

ಅವನ ಅಣ್ಣ ರಾಯಪ್ಪ. ಅಣ್ಣನ ಮನೆಯಲ್ಲಿ ರೇಷ್ಮೆ ಸಾಕಣೆ, ಅದೇ ಹಿತ್ತಿಲಲ್ಲಿ ತಮ್ಮನ ಬಿದಿರು. ಒಂದು ದಿನ ಚೌರಪ್ಪನನ್ನು ನೋಡಲು ಹೊಳೆಯಾಚೆಯಿಂದ ಹೆಣ್ಣಿನ ಕಡೆಯವರು ಬಂದರು. ಹುಡುಗಿಗೆ ಯಾವ ಊನವೂ ಇರಲಿಲ್ಲ. ಅವಳ ಅಪ್ಪನಿಗೆ ಮಾತ್ರ ಆರು ಜನ ಹೆಣ್ಣುಮಕ್ಕಳಿದ್ದರು. ಚೌರಪ್ಪ ಬಿದಿರಿನ ರಾಶಿಯ ಹಿಂದೆ ನಿಂತು, ತಲೆ ಬಾಚಿಕೊಂಡು, ಕಾದ. ರಾಯಪ್ಪ ಬಂದವರಿಗೆ ಪಾನಕ ಕೊಟ್ಟ, ಎಲೆ ಅಡಿಕೆ ಕೊಟ್ಟ, ಆಮೇಲೆ ಒಂದು ಕೈಯನ್ನು ಆಕಾಶಕ್ಕೆ ತೋರಿಸಿದ. ಅವನು ದೇವರ ಮಗು, ಅವನಿಗೇಕೆ ಸಂಸಾರ ಅನ್ನುವುದಕ್ಕೆ ಆ ಕೈ. ಬಂದವರು ಕೈಮುಗಿದು ಹೋದರು. ಒಬ್ಬ ಮುದುಕ ಚೌರಪ್ಪನ ಕಾಲು ಮುಟ್ಟಿ ಹೋದ.

ಆ ಸಂಜೆ ಚೌರಪ್ಪ ತನ್ನ ಹೊಗೆಸೊಪ್ಪನ್ನೆಲ್ಲ ನೀರಲ್ಲಿ ಕಿವುಚಿ, ಆ ನೀರನ್ನು ಹುಳುಮನೆಯ ಸೊಪ್ಪಿನ ರಾಶಿಗೆ ಚಿಮುಕಿಸಿದ. ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಮಳೆ ಸುರಿದ ಸದ್ದಿನಲ್ಲಿ ತಿನ್ನುತ್ತಿದ್ದ ಹೊತ್ತು. ಬೆಳಗಾಗುವಷ್ಟರಲ್ಲಿ ತಲೆ ಎತ್ತಿ, ಹಸಿರು ನೀರು ಕಾರಿ, ತಟ್ಟೆಗೆ ತಟ್ಟೆಯೇ ಸತ್ತುಬಿದ್ದವು.

ಹುಳು ಸತ್ತರೆ ಊರು ಕಾರಣ ಹುಡುಕುತ್ತದೆ, ಮತ್ತು ಊರು ಹುಡುಕಿದರೆ ಸಿಕ್ಕೇ ಸಿಗುತ್ತದೆ. ಇನ್ನಾಸಮ್ಮ ಅಂತ ಒಬ್ಬ ವಿಧವೆ. ಮನೆಮನೆಯ ಹುಳುಕೆಲಸವೇ ಅವಳ ಅನ್ನ: ಸೊಪ್ಪು ಕತ್ತರಿಸುವುದು, ತಟ್ಟೆ ಬದಲಿಸುವುದು, ಹಣ್ಣಾದ ಹುಳು ಆರಿಸುವುದು. ಹಿಂದಿನ ದಿನ ಅವಳು ರಾಯಪ್ಪನ ಹುಳುಮನೆ ಬಾಗಿಲಲ್ಲಿ ನಿಂತು, “ಯವ್ವಾ, ಬೆರಳುಗಾತ್ರ ಆಗವೆ ಕಣಕ್ಕ!” ಅಂದಿದ್ದಳು. ಅಷ್ಟು ಸಾಕಾಯಿತು. ಇನ್ನಾಸಮ್ಮನ ಕಣ್ಣು ಬಿತ್ತು ಅಂತ ಊರು ತೀರ್ಪು ಕೊಟ್ಟಿತು.

ಅಂದಿನಿಂದ ಯಾವ ಮನೆಯವರೂ ಅವಳನ್ನು ಹುಳುಕೆಲಸಕ್ಕೆ ಕರೆಯಲಿಲ್ಲ. ಅವಳು ಕುರುಚಲು ಕಾಡಿನಿಂದ ಸೌದೆ ಹೊತ್ತು ಮಾರಿದಳು. ಚರ್ಚಿನಲ್ಲಿ ಅವಳು ಬಂದು ಕೂತರೆ ಹೆಂಗಸರು ಸೆರಗು ಎಳೆದುಕೊಂಡು ಅತ್ತ ಸರಿಯುತ್ತಿದ್ದರು. ಮುಂದೆ ಚಾಪೆ ಸಾಲದ ಅದೇ ಚರ್ಚಿನಲ್ಲಿ, ಹಿಂದೆ ಅವಳ ಸುತ್ತ ಮೂರು ಜನ ಕೂರುವಷ್ಟು ಜಾಗ ಖಾಲಿ ಬಿದ್ದಿರುತ್ತಿತ್ತು. ಅದರ ಬಗ್ಗೆ ಯಾರೂ ಸಭೆ ಸೇರಲಿಲ್ಲ.

ಚೌರಪ್ಪ ಅಣ್ಣನನ್ನು ನೋಯಿಸಲು ಹೊರಟವನು. ಇನ್ನಾಸಮ್ಮ ಅವನ ಲೆಕ್ಕದಲ್ಲೇ ಇರಲಿಲ್ಲ. ಅವಳ ತಲೆಯ ಮೇಲಿನ ಸೌದೆ ಹೊರೆ ಕಂಡ ದಿನವೇ ಅವನು ಅಣ್ಣನ ಮುಂದೆ ನಿಂತು ಕೈಯಲ್ಲಿ ಹೇಳಿದ. ನಾನು. ಹೊಗೆಸೊಪ್ಪು. ಸೊಪ್ಪಿನ ಮೇಲೆ. ಹುಳು ಸತ್ತದ್ದು ನನ್ನಿಂದ.

ರಾಯಪ್ಪನಿಗೆ ಒಂದೊಂದು ಸನ್ನೆಯೂ ಅರ್ಥವಾಯಿತು. ಅವನ ಕಣ್ಣು ತುಂಬಿತು. ಎಂಥ ಮನಸ್ಸು ನೋಡಿ, ಆ ಹೆಂಗಸಿನ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ತಾನೆ, ಯೇಸುಸ್ವಾಮಿ ಮಾಡಿದ್ದೂ ಇದನ್ನೇ ಅಲ್ಲವೇ ಅಂತ ಹೆಂಡತಿಯನ್ನು ಕರೆದು ತೋರಿಸಿದ. ಚೌರಪ್ಪ ಮತ್ತೆ ಹೇಳಿದ, ಜೋರಾಗಿ ಹೇಳಿದ. ಕೈಯಲ್ಲಿ ಜೋರಾಗಿ ಹೇಳುವುದು ಅಂದರೆ ಎದುರಿನವರ ಮೂಗಿಗೆ ತಾಗುವ ಹಾಗೆ ಹೇಳುವುದು. ಅತ್ತಿಗೆ ಅತ್ತಳು. ಹಿಪ್ಪೆಮರದ ಕೆಳಗೆ ಹೋಗಿ ಹೇಳಿದ. ಮುದುಕಿಯರು ಹೊಗೆಸೊಪ್ಪು ಕಿವುಚಿದ ಆ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. ಅವನು ಎಷ್ಟು ಸಲ ತಪ್ಪೊಪ್ಪಿಕೊಂಡನೋ ಅವನ ಪುಣ್ಯ ಅಷ್ಟು ಬೆಳೆಯಿತು ಅಂತಾರೆ. ಜ್ವರ ಬಂದ ಮಕ್ಕಳನ್ನು ಅವನ ಹತ್ತಿರ ತರುವುದು ಶುರುವಾದದ್ದೂ ಆಗಲೇ ಅಂತಾರೆ.

ಒಬ್ಬಳಿಗೆ ಮಾತ್ರ ಅವನು ಹೇಳಲಿಲ್ಲ. ಇನ್ನಾಸಮ್ಮನಿಗೆ. ಅವಳು ನಂಬಿಬಿಡುತ್ತಾಳೆ ಅನ್ನುವ ಭಯ ಅವನಿಗೆ. ಆದರೆ ಸುದ್ದಿ ಅವಳಿಗೂ ಮುಟ್ಟಿತು, ಊರು ಮುಟ್ಟಿಸಿದ ರೀತಿಯಲ್ಲಿ. ನಿನಗೋಸ್ಕರ ಆ ದೇವದೂತ ಪಾಪ ಹೊತ್ತ, ನಿನಗೆ ಕೃತಜ್ಞತೆಯೂ ಇಲ್ಲ ಅಂದರು. “ನನ್ನ ಕಣ್ಣು ನೆಟ್ಟಗೈತೆ. ಅವನ ದಾನ ಅವನೇ ಇಟ್ಕೊಳ್ಳಿ,” ಅಂದು ಅವಳು ಹೊರೆ ಎತ್ತಿಕೊಂಡು ಹೋದಳು.

ಹೀಗೆ ಚೌರಪ್ಪ ಸಿಕ್ಕಿಬಿದ್ದ. ಚಾಪೆಯ ಮೇಲೆ ಅವನು ಮಗು, ಚಾಪೆಯಿಂದೆದ್ದರೆ ದೇವದೂತ. ಮನುಷ್ಯನಾಗಿ ಕೂರಲು ಇಡೀ ಚರ್ಚಿನಲ್ಲಿ ಅವನಿಗೆ ಜಾಗವಿರಲಿಲ್ಲ. ಆದರೆ ಅವನು ಮೂವತ್ತು ಚಿಲ್ಲರೆ ವರ್ಷ ಚಾಪೆಯ ಮೇಲೆ ಸುಮ್ಮನೆ ಕೂತಿರಲಿಲ್ಲ. ಗುರುಗಳು ಒಳಗೆ ಕೂತು ಜನರ ಪಾಪ ಕೇಳಿ ಕ್ಷಮೆ ಕೊಡುವ ಪಾಪನಿವೇದನೆಯ ಮರದ ಪೆಟ್ಟಿಗೆ ಚಾಪೆಗೆ ನೇರ ಕಾಣುತ್ತಿತ್ತು. ಜನ ಜೋತುಬಿದ್ದ ಮುಖ ಹೊತ್ತು ಅದರ ಬಳಿ ಮಂಡಿಯೂರುವುದನ್ನೂ, ಎದ್ದು ಬಂದವರೇ ಮನೆಯಲ್ಲಿ ಇವತ್ತೇನು ಸಾರು ಅಂತ ವಿಚಾರಿಸುವುದನ್ನೂ ಅವನು ನೋಡುತ್ತಲೇ ಇದ್ದ. ಹಿಪ್ಪೆಪಾಳ್ಯದಲ್ಲಿ ಒಬ್ಬನ ಪಾಪವನ್ನು ನಂಬುವ ಜಾಗ ಅದೊಂದೇ ಅಂತ ಅವನು ತೀರ್ಮಾನಿಸಿದ.

ಚಾಪೆ ಗಲಾಟೆಯಾದ ವರ್ಷವೇ, ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ಹೊತ್ತಿಗೆ ಹೊಸ ಗುರುಗಳು ಬಂದರು. ಪಾಸ್ಕಲ್ ಸ್ವಾಮಿಗಳು, ಘಟ್ಟದ ಕೆಳಗಿನವರು. ಜಪದ ಪುಸ್ತಕ ತೆರೆದಿಟ್ಟು ಓದಿದ ಹಾಗಿತ್ತು ಅವರ ಕನ್ನಡ. ಮೊದಲ ಶನಿವಾರ ಪಾಪನಿವೇದನೆಗೆ ಕೂತರು, ಸಾಲು ನಿಂತಿತು, ಸಾಲಿನ ಮಧ್ಯೆ ಚೌರಪ್ಪ ನಿಂತ.

“ಏ ಚೌರಾ, ಇದು ದೊಡ್ಡೋರ ಸಾಲು ಕಣೋ. ನಡಿ ಚಾಪೆಗೆ,” ಅಂದ ಅರುಳಪ್ಪ, ಬಾಯಲ್ಲೂ ಕೈಯಲ್ಲೂ.

ನಾನು ಪಾಪಿ, ಅಂತ ಚೌರಪ್ಪ ಎದೆಗೆ ಗುದ್ದಿಕೊಂಡ. ಸಾಲಿನ ಹೆಂಗಸರೆಲ್ಲ ಅಯ್ಯೋ ಕಂದಾ ಅಂದರು.

ಗದ್ದಲ ಕೇಳಿ ಸ್ವಾಮಿಗಳು ಪೆಟ್ಟಿಗೆಯಿಂದ ಹೊರಬಂದರು. ಇವನಿಗೆ ಒಂದು ಜಪವೂ ಬರುವುದಿಲ್ಲ ಅಂತ ಅರುಳಪ್ಪ ವರದಿ ಒಪ್ಪಿಸಿದ. ಚೌರಪ್ಪನಿಗೆ ಅರುಳಪ್ಪನ ಮುಖ ನೋಡಿಯೇ ವಿಷಯ ತಿಳಿಯಿತು. ಅವನು ಸ್ವಾಮಿಗಳ ಎದುರಿಗೆ ನೆಟ್ಟಗೆ ನಿಂತ. ಮೀಸೆ ತಿರುವಿದ. ಕೈಯನ್ನು ಮೇಲಕ್ಕೆ ಕಮಾನಿನಂತೆ ಬಳಸಿದ. ತಲೆಗೆ ಪೇಟ ಸುತ್ತಿದ. ಅಂಗೈಯಲ್ಲಿ ಮುದ್ದೆ ಉರುಳಿಸಿ, ಮುರಿದು, ನುಂಗಿದ. ಗಂಟೊಂದನ್ನು ಬಿಚ್ಚಿದ, ಮತ್ತೊಂದನ್ನು ಬಿಚ್ಚಿದ.

“ಇವರಿಗೆ ಹಸಿವಾಗಿದೆ ಎಂದು ತೋರುತ್ತದೆ,” ಅಂದರು ಸ್ವಾಮಿಗಳು.

“ಹಸಿವಲ್ಲ ಸ್ವಾಮಿ, ಪರಲೋಕ ಜಪ,” ಅಂದಿತು ಹಿಂದಿನಿಂದ ಒಂದು ದನಿ. ಇನ್ನಾಸಮ್ಮನದು. ಸಾಲಿನ ಕೊನೆಯಲ್ಲಿ, ಸಾಲಿನಿಂದ ಒಂದು ಮಾರು ಹಿಂದೆ ಅವಳು ನಿಂತಿದ್ದಳು. “ಮೀಸೆ ಅಂದ್ರೆ ತಂದೆ. ಕಮಾನು ಅಂದ್ರೆ ಸ್ವರ್ಗ. ಪೇಟ ಅಂದ್ರೆ ನಿಮ್ಮ ರಾಜ್ಯ ಬರಲಿ. ಮುದ್ದೆ ನಿಮಗೇ ಗೊತ್ತಾಯ್ತದೆ. ಗಂಟು ಬಿಚ್ಚಿದ್ದು ಕ್ಷಮಿಸೋದು, ನಾವೂ ಅವರೂ ಅಂತ ಎರಡು ಗಂಟು.”

“ದೇವರಿಗೆ ಮೀಸೆನಾ?” ಅಂದ ಅರುಳಪ್ಪ, ಹೌಹಾರಿ.

“ಚಿತ್ರದಾಗೆ ಗಡ್ಡ ಐತಲ್ಲ ಉಪದೇಶಿಗಳೇ. ಮೀಸೆ ಬುಟ್ಟು ಬರೀ ಗಡ್ಡ ಬುಡ್ತಾರಾ ಯಾರಾದ್ರೂ?”

ಅರುಳಪ್ಪ ಇದಕ್ಕೆ ಉತ್ತರವನ್ನು ಸಾಯುವವರೆಗೂ ಹುಡುಕಿದ ಅಂತಾರೆ. ಸ್ವಾಮಿಗಳು ಜಪ ಆಯಿತು ಅಂದರು. ಉಳಿದದ್ದು ಪಾಪನಿವೇದನೆ. ಪಾಪ ಕೇಳಿ ಕ್ಷಮೆ ಕೊಡಬೇಕಾದರೆ ಪಾಪ ಯಾವುದು ಅಂತ ಅವರಿಗೆ ತಿಳಿಯಬೇಕು, ಕೈಮಾತು ಅವರಿಗೆ ಬರದು. ಗುಟ್ಟು ಕಾಯುವ ಒಬ್ಬರು ಪಕ್ಕದಲ್ಲಿ ನಿಂತು ಬಿಡಿಸಿ ಹೇಳಬಹುದು ಅಂದರು. ಗುಟ್ಟು ಕಾಯುವ ಒಬ್ಬರಿಗಾಗಿ ಊರಿಗೆ ಊರೇ ಒಬ್ಬರನ್ನೊಬ್ಬರು ನೋಡಿಕೊಂಡು ತಲೆ ಅಲ್ಲಾಡಿಸಿತು. ಚೌರಪ್ಪನಂತೂ ಮೊದಲೇ ತಲೆ ಅಲ್ಲಾಡಿಸಿದ್ದ. ಯಾರು ನಿಂತರೂ, ಇವನು ಏನೂ ಮಾಡಿಲ್ಲ ಸ್ವಾಮಿ, ದೇವದೂತ ಅಂತ ಬಿಡಿಸಿ ಹೇಳುತ್ತಾರೆ ಅಂತ ಅವನಿಗೆ ಗೊತ್ತಿತ್ತು.

ಹಾಗಾದರೆ ನಾನೇ ಕಲಿಯುತ್ತೇನೆ ಅಂದರು ಪಾಸ್ಕಲ್ ಸ್ವಾಮಿಗಳು.

ಆ ತಪಸ್ಸು ಕಾಲ ಪೂರ್ತಿ ಅವರು ದಿನವೂ ಚೌರಪ್ಪನ ಬಿದಿರಿನ ಚಪ್ಪರಕ್ಕೆ ಹೋದರು. ಚೌರಪ್ಪ ಚಂದ್ರಿಕೆ ಬದಿಗಿಟ್ಟು ಪಾಠ ಮಾಡಿದ. ಬೇಕಾದದ್ದು ಮೊದಲು ಅಂತ ಪಾಪಗಳಿಂದಲೇ ಶುರುಮಾಡಿದ: ಕದಿಯುವುದು, ಸುಳ್ಳು, ಹೊಡೆತ, ಹೆಂಡ, ಹೊಟ್ಟೆಕಿಚ್ಚು, ಅದರಲ್ಲಿ ಸಣ್ಣದು, ದೊಡ್ಡದು, ಬೇಕೆಂದೇ ಮಾಡಿದ್ದು. ಪುಣ್ಯದ ಸನ್ನೆಗಳಿಗೆ ಹೊತ್ತು ಉಳಿಯಲಿಲ್ಲ. ಒಮ್ಮೆ ಸ್ವಾಮಿಗಳು ಬೀದಿಯಲ್ಲಿ ಕಲಿತದ್ದನ್ನು ತೋರಿಸಲು ಹೋಗಿ, ಒಬ್ಬ ಮುದುಕಿಯ ಮನೆಯನ್ನು ಆಶೀರ್ವದಿಸುವ ಬದಲು ದೋಚುತ್ತೇನೆ ಅಂದುಬಿಟ್ಟರು. ಮುದುಕಿ ಬಾಗಿಲು ಹಾಕಿಕೊಂಡಳು. ಗುರುಗಳಿಗೆ ದೇವದೂತನೇ ಪಾಪ ಕಲಿಸುತ್ತಿದ್ದಾನೆ ಅಂತ ಊರು ಬೆರಗಾಯಿತು. ಇದರಲ್ಲೂ ಏನೋ ಪುಣ್ಯ ಇರಬೇಕು ಅಂದುಕೊಂಡಿತು.

ಪಾಸ್ಕ ಹಬ್ಬದ ಹಿಂದಿನ ಶನಿವಾರ ಬಂತು. ಆ ದಿನ ಇಡೀ ಊರು ಪಾಪನಿವೇದನೆ ಮಾಡುವ ರೂಢಿ. ಬೆಳಿಗ್ಗೆಯೇ ಚರ್ಚು ತುಂಬಿತು. ಬಹಳಷ್ಟು ಜನರದು ಮುಗಿದು, ಕೂತು ಪ್ರಾಯಶ್ಚಿತ್ತದ ಜಪ ಹೇಳುತ್ತಿದ್ದರು. ಇನ್ನಾಸಮ್ಮನದೂ ಮುಗಿದಿತ್ತು. ಆಗ ಚೌರಪ್ಪನ ಸರದಿ ಬಂತು, ಮತ್ತು ಆಗಷ್ಟೇ ಎಲ್ಲರಿಗೂ ಒಂದು ವಿಷಯ ಹೊಳೆಯಿತು.

ಪೆಟ್ಟಿಗೆಯೊಳಗೆ ಕತ್ತಲು. ಗುರುಗಳಿಗೂ ಪಾಪಿಗೂ ನಡುವೆ ತೂತುಗಳ ಹಲಗೆ. ಪಿಸುಮಾತು ಅದನ್ನು ದಾಟುತ್ತದೆ, ಕೈ ದಾಟುವುದಿಲ್ಲ. ಕೈಮಾತಿಗೆ ಬೆಳಕು ಬೇಕು. ಬೆಳಕಿದ್ದದ್ದು ತೆಂಕಣ ಗೋಡೆಯ ದೊಡ್ಡ ಕಿಟಕಿಯ ಬಳಿ, ಚರ್ಚಿನ ನಟ್ಟನಡುವೆ. ಅಲ್ಲಿ ನಿಂತರೆ ಅವನ ಪಾಪ ಗುರುಗಳಿಗೆ ಕಾಣುತ್ತದೆ, ಜೊತೆಗೆ ಇಡೀ ಹಿಪ್ಪೆಪಾಳ್ಯಕ್ಕೂ ಕಾಣುತ್ತದೆ. ಊರಿನಲ್ಲಿ ಆ ಭಾಷೆ ಬಾರದವರು ಒಬ್ಬರೂ ಇರಲಿಲ್ಲ. ಗುರುಗಳಿಗೇ ಕಮ್ಮಿ ಬರುತ್ತಿದ್ದದ್ದು.

ಎಲ್ಲರೂ ಹೊರಗೆ ಹೋಗಿ ಅಂದರೆ, ಸರದಿ ತಪ್ಪುತ್ತದೆ ಅಂದರು ಸಾಲಿನಲ್ಲಿದ್ದವರು. ಕಂಬಳಿ ಕಟ್ಟೋಣ ಅಂದರೆ ಮತ್ತೆ ಕತ್ತಲು. ನೋಡಿದರೇನು, ಅವನ ಹತ್ತಿರ ಮುಚ್ಚಿಡುವುದು ಏನಿದೆ ಅಂದಳು ಅತ್ತಿಗೆ. ಚೌರಪ್ಪ ಕಿಟಕಿಯ ಬೆಳಕಿನಲ್ಲಿ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಬಾಯಿ ಇದ್ದವರು ಬಾಯಿ ಮುಚ್ಚುವುದು ಹೇಗೋ, ಅವನಿಗೆ ಅದು ಹಾಗೆ.

ಆಗ ಅರುಳಪ್ಪ ಗಂಟಲು ಸರಿಮಾಡಿಕೊಂಡ. ಅವನಿಗೆ ಕಟ್ಟಳೆಯೊಂದು ನೆನಪಾಗಿತ್ತು. ಕಟ್ಟಳೆ ನೆನಪಾದಾಗ ಅವನ ಮುಖಕ್ಕೆ ಕಳೆ ಬರುತ್ತಿತ್ತು ಅಂತಾರೆ. “ಇನ್ನೊಬ್ಬರ ಪಾಪನಿವೇದನೆ ಕದ್ದು ಕೇಳೋದು ಪಾಪ. ಇವನದ್ದನ್ನ ನೋಡಿದ್ರೂ ಕೇಳಿದಂಗೇ ಲೆಕ್ಕ. ಎಲ್ಲಾ ಬಡಗಣ ಗೋಡೆ ಕಡೆ ತಿರುಗಿ. ಮಕ್ಕಳೂ ತಿರುಗಿ. ತಿರುಗ್ರಲಾ!” ಅಂದ. ಅಂದು, ಎಲ್ಲರಿಗಿಂತ ಮೊದಲು ತಾನೇ ತಿರುಗಿ, ಗೋಡೆಗೆ ಮೂಗು ತಾಗಿಸಿ ನಿಂತ.

ಊರಿಗೆ ಊರೇ ತಿರುಗಿತು. ನಲವತ್ತು ವರ್ಷ ಆ ಊರು ಚೌರಪ್ಪನನ್ನು ನೋಡಿತ್ತು. ಅವನು ತಿಂದರೆ ನೋಡಿತ್ತು, ನಕ್ಕರೆ ನೋಡಿತ್ತು, ಜಪ ಮಾಡಿದರೆ ಕಣ್ಣೊರೆಸಿಕೊಂಡು ನೋಡಿತ್ತು. ಅವತ್ತು ಮೊದಲ ಸಲ ಅವನ ಕಡೆ ಒಂದು ಕಣ್ಣೂ ಇರಲಿಲ್ಲ. ಗುರುಗಳ ಎರಡು ಬಿಟ್ಟರೆ.

ಆದರೆ ಕಿಟಕಿಯ ಬಿಸಿಲು ಅವನ ಕೈಗಳ ನೆರಳನ್ನು ಎತ್ತಿ ಅದೇ ಬಡಗಣ ಗೋಡೆಯ ಸುಣ್ಣದ ಮೇಲೆ ಹಾಕಿತು ಅಂತಾರೆ, ಒಂದೊಂದು ಬೆರಳೂ ಮೊಳದುದ್ದ. ಆಗ ಜನ ಕಣ್ಣು ಮುಚ್ಚಿಕೊಂಡರು ಅಂತಾರೆ. ಒಬ್ಬ ಮಾತ್ರ ರೆಪ್ಪೆ ಸಂದಿಯಲ್ಲಿ ನೋಡಿದ, ಅವನ ಕಣ್ಣಲ್ಲಿ ಎದ್ದ ಕುರು ರಾಗಿ ಕೊಯ್ಲಿನವರೆಗೂ ಒಡೆಯಲಿಲ್ಲ ಅಂತಾರೆ. ಆ ಒಬ್ಬ ಯಾರು ಅನ್ನುವುದಕ್ಕೆ ಪ್ರತಿ ಮನೆಯವರೂ ಪಕ್ಕದ ಮನೆಯ ಅಜ್ಜನ ಹೆಸರು ಹೇಳುತ್ತಾರೆ.

ಬಹಳ ಹೊತ್ತಾಯಿತು. ನಲವತ್ತು ವರ್ಷದ ಬಾಕಿ, ಜೊತೆಗೆ ಗುರುಗಳಿಗೆ ಒಂದೊಂದನ್ನೂ ಎರಡೆರಡು ಸಲ ಹೇಳಬೇಕಿತ್ತು. ಕಾಲು ನೋವು ಬಂದ ಮುದುಕಿಯರು ಗೋಡೆ ನೋಡಿಕೊಂಡೇ ಕೂತರು. ಬೆನ್ನ ಹಿಂದೆ ಏನು ನಡೆಯಿತು, ಗುರುಗಳು ಏನು ಪ್ರಾಯಶ್ಚಿತ್ತ ಕೊಟ್ಟರು, ಯಾರಿಗೂ ಗೊತ್ತಿಲ್ಲ. ಅವರು ಹೇಳಲಿಲ್ಲ, ಹೇಳುವಂತೆಯೂ ಇಲ್ಲ.

ಗೊತ್ತಿರುವುದು ಇಷ್ಟು. ಮುಗಿದ ಮೇಲೂ ಯಾರೂ ತಿರುಗಲಿಲ್ಲ. ಮುಗಿಯಿತು ಅಂತ ಕೂಗಬೇಕಾದವನಿಗೆ ಕೂಗಲು ಬರುತ್ತಿರಲಿಲ್ಲ, ಗುರುಗಳು ಕೂಗಲಿಲ್ಲ. ಚೌರಪ್ಪ ಚರ್ಚಿನ ಹಿಂದಕ್ಕೆ ನಡೆದ. ಅಷ್ಟು ಬೆನ್ನುಗಳಲ್ಲಿ, ಆಚೀಚೆ ಖಾಲಿ ಜಾಗ ಇದ್ದ ಬೆನ್ನು ಒಂದೇ. ಅವನು ಅದರ ಭುಜ ತಟ್ಟಿದ.

ಇನ್ನಾಸಮ್ಮ ತಿರುಗಿದಳು. ಅವನು ಹೇಳಿದ. ನಾನು. ಹೊಗೆಸೊಪ್ಪು. ಸೊಪ್ಪಿನ ಮೇಲೆ. ಬೇಕೆಂದೇ. ನಿನ್ನ ಕಣ್ಣಲ್ಲ, ನನ್ನ ಕೈ. ಆಮೇಲೆ ಅಣ್ಣನ ಭುಜ ತಟ್ಟಿದ, ಅತ್ತಿಗೆಯದು ತಟ್ಟಿದ, ಸಾಲಿನುದ್ದಕ್ಕೂ ಒಬ್ಬೊಬ್ಬರನ್ನೇ ತಟ್ಟಿ ತಿರುಗಿಸಿ, ಎಲ್ಲರ ಎದುರು ಅದನ್ನೇ ಮತ್ತೆ ಹೇಳಿದ.

“ಅಯ್ಯೋ ನಮ್ಮಪ್ಪ, ಎಂಥ ದೊಡ್ಡ ಮನಸ್ಸು!” ಅಂತ ರಾಯಪ್ಪ ಶುರುಮಾಡಿದ.

ಅವನ ಮಾತು ಅಲ್ಲಿಗೇ ನಿಂತಿತು, ಯಾಕೆಂದರೆ ಇನ್ನಾಸಮ್ಮ ಚೌರಪ್ಪನ ಕೆನ್ನೆಗೆ ಒಂದು ಬಿಟ್ಟಿದ್ದಳು. ಒಂದು ವರ್ಷ ಸೌದೆ ಹೊತ್ತ ಕೈ. ಸದ್ದು ಪೀಠದವರೆಗೂ ಹೋಯಿತು ಅಂತಾರೆ. ಚರ್ಚಿನ ಮಾಡಿನಿಂದ ಪಾರಿವಾಳ ಎದ್ದವು ಅಂತಾರೆ. “ನನ್ನ ಅನ್ನ ಕಿತ್ಕೊಂಡ್ಯಲ್ಲೋ, ಹಾಳಾದೋನೇ! ಒಂದು ವರ್ಷ! ಸುಮ್ನೆ ನೋಡ್ಕಂಡು ಕೂತಿದ್ಯಲ್ಲೋ!” ಅಂತ ಬಾಯಲ್ಲೂ ಬೈದಳು, ಕೈಯಲ್ಲೂ ಬೈದಳು. ಕೈಯಲ್ಲಿ ಬೈದದ್ದನ್ನು ಇಲ್ಲಿ ಹೇಳುವಂತಿಲ್ಲ.

ಅದಕ್ಕೆ ಮೊದಲು ಆ ಊರಿನಲ್ಲಿ ಚೌರಪ್ಪನಿಗೆ ಯಾರೂ ಹೊಡೆದಿರಲಿಲ್ಲ. ತಪ್ಪು ಮಾಡಿದಾಗ ಅಪ್ಪ ಅಮ್ಮನೂ ಹೊಡೆದಿರಲಿಲ್ಲ. ಅವನು ಕೆನ್ನೆ ಮುಟ್ಟಿಕೊಳ್ಳದೆ, ಹಿಂದೆ ಸರಿಯದೆ, ಬೈಗುಳವೆಲ್ಲ ಮುಗಿಯುವವರೆಗೂ ಅವಳ ಕೈಗಳನ್ನೇ ನೋಡುತ್ತ ನಿಂತ. ತಲೆ ತಗ್ಗಿಸಿದ. ಆ ಕೆನ್ನೆಯ ಮೇಲೆ ಬೆರಳಚ್ಚು ಕೆಂಪಗೆ ಮೂಡುವುದನ್ನು ಊರು ನೋಡಿತು. ದೇವದೂತರ ಕೆನ್ನೆಯಲ್ಲಿ ಹಾಗೆ ಮೂಡುವುದಿಲ್ಲ. ಊರು ನಂಬಿತು.

ಚರ್ಚಿನೊಳಗೆ, ಅದೂ ಪವಿತ್ರ ಶನಿವಾರ, ಕೈ ಮಾಡಿದ್ದು ಪಾಪ. ಪಾಪನಿವೇದನೆ ಆದ ಮೇಲೆ ಮಾಡಿದ ಪಾಪ. ಆದ್ದರಿಂದ ಇನ್ನಾಸಮ್ಮ ಮತ್ತೆ ಸಾಲಿನಲ್ಲಿ ನಿಲ್ಲತಕ್ಕದ್ದು ಅಂತ ಅರುಳಪ್ಪ ತೀರ್ಪು ಕೊಟ್ಟ. ಅವಳು ನಿಂತಳು. “ಅವನ ಎದುರಿಗೇ ಹೇಳ್ತೀನಿ, ಹೊಡೆದಿದ್ದಕ್ಕೆ ದುಃಖ ಇನ್ನೂ ಬಂದಿಲ್ಲ, ಬರೋವರ್ಗೂ ನಿಂತಿರ್ತೀನಿ,” ಅಂದಳು. ಸ್ವಲ್ಪ ಹೊತ್ತಿಗೆ ರಾಯಪ್ಪ ಬಂದು ಅವಳ ಹಿಂದೆ ನಿಂತ. ಅವನ ಮುಖ ನೋಡಿದರೆ ಹೊಳೆಯಾಚೆಯ ಆರು ಹೆಣ್ಣುಮಕ್ಕಳ ತಂದೆಯ ನೆನಪು ಬಂದಂತಿತ್ತು. ಅವನ ಹಿಂದೆ ಅವನ ಹೆಂಡತಿ ನಿಂತಳು. ಕಣ್ಣು ಬಿತ್ತು ಅಂದವರು, ಅಂದದ್ದನ್ನು ಇನ್ನೊಂದು ಮನೆಗೆ ದಾಟಿಸಿದವರು, ಸೆರಗು ಎಳೆದುಕೊಂಡವರು ಒಬ್ಬೊಬ್ಬರಾಗಿ ಎದ್ದು ಬಂದು ಮತ್ತೆ ಸಾಲು ಸೇರಿದರು. ಜಾಗ ಸಾಲದೆ ಒತ್ತಿಕೊಂಡು ನಿಲ್ಲಬೇಕಾಯಿತು. ಆ ವರ್ಷ ಪಾಸ್ಕ ಜಾಗರಣೆ ತಡವಾಗಿ ಶುರುವಾಯಿತು, ಗುರುಗಳ ದನಿ ಕೂತುಹೋಗಿತ್ತು.

ಮಾರನೆಯ ದಿನ, ಬಿಳಿ ಬಟ್ಟೆ ತೊಟ್ಟ ಮಕ್ಕಳ ಸಾಲಿನ ಕೊನೆಯಲ್ಲಿ, ಒಂದು ಕೆನ್ನೆ ಇನ್ನೂ ಊದಿಕೊಂಡಿದ್ದ ಚೌರಪ್ಪ ಮೊದಲ ಪರಮಪ್ರಸಾದ ಪಡೆದ. ಪಡೆದು, ಎದ್ದು, ಗಂಡಸರ ಕಡೆ ಹೋಗಿ ಅಣ್ಣನ ಪಕ್ಕ ಕೂತ. ಅಲ್ಲಿ ಚಾಪೆ ಇಲ್ಲ, ಬರೀ ಕಲ್ಲು. ಜ್ವರದ ಮಕ್ಕಳನ್ನು ಅವನ ಹತ್ತಿರ ತರುವುದು ನಿಂತಿತು. ಅವನ ಜೊತೆ ಜಗಳ ಆಡುವುದು, ಕೊಟ್ಟ ಕಾಸಿಗೆ ಚಂದ್ರಿಕೆ ಸಣ್ಣದಾಯಿತು ಅಂತ ಚೌಕಾಸಿ ಮಾಡುವುದು ಶುರುವಾಯಿತು. ಅವನಿಗೆ ಇದು ಬಹಳ ಹಿಡಿಸಿತು ಅಂತಾರೆ. ಆಮೇಲೆ ಅವನು ಇನ್ನಾಸಮ್ಮನನ್ನೇ ಮದುವೆಯಾದ ಅಂತ ಹೇಳುವವರೂ ಇದ್ದಾರೆ. ಅದು ಸುಳ್ಳು. ಯಾರೋ ಆ ಮಾತು ಎತ್ತಿದ್ದಕ್ಕೆ, ಒಂದು ಸಲ ಹೊಡೆದದ್ದಕ್ಕೆ ಜೀವಮಾನವೆಲ್ಲ ಅಡುಗೆ ಮಾಡಿ ಹಾಕಬೇಕಾ ಅಂತ ಅವಳು ಕೇಳಿದಳಂತೆ.

ಹಿಪ್ಪೆಪಾಳ್ಯದ ಚರ್ಚಿಗೆ ಆಮೇಲೆ ಬೆಂಚು ಬಂತು, ಗಡಿಯಾರ ಬಂತು. ಆದರೆ ಇವತ್ತಿಗೂ ಪಾಸ್ಕ ಹಬ್ಬದ ಹಿಂದಿನ ಶನಿವಾರ ಅಲ್ಲಿ ಪಾಪನಿವೇದನೆ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ, ತೆಂಕಣ ಕಿಟಕಿಯ ಬೆಳಕಿನಲ್ಲಿ ನಡೆಯುತ್ತದೆ. ಸರದಿಗೆ ಕಾಯುವವರೆಲ್ಲ ಬಡಗಣ ಗೋಡೆಗೆ ಮುಖಮಾಡಿ ನಿಲ್ಲುತ್ತಾರೆ. ಬಾಯಿ ಇದ್ದವರಿಗೂ ಹಾಗೇ, ಇಲ್ಲದವರಿಗೂ ಹಾಗೇ. ಮುಗಿಸಿ ಬಂದವರು ಕೂಗುವುದಿಲ್ಲ, ಮುಂದಿನವರ ಭುಜ ತಟ್ಟುತ್ತಾರೆ. ಹೊಸದಾಗಿ ಬಂದ ಗುರುಗಳು ಮೊದಲ ವರ್ಷ ಕಾರಣ ಕೇಳುತ್ತಾರೆ, ಎರಡನೆಯ ವರ್ಷ ಕೇಳುವುದಿಲ್ಲ.

ಇನ್ನಾಸಮ್ಮನನ್ನು ಮುಂದಿನ ಬೆಳೆಗೆ ರಾಯಪ್ಪನ ಮನೆಯವರೇ ಹುಳುಕೆಲಸಕ್ಕೆ ಕರೆದರು. ಅವಳು ಕೂಲಿ ಹೆಚ್ಚು ಕೇಳಿದಳು, ಕೊಟ್ಟರು. ಗೂಡು ಸುಮಾರಾಗಿ ಬಂತು.